ಫಿರಂಗಿ ಹೊತ್ತ ಟಪಾಲು ಹಡಗು: ಯುದ್ಧಕ್ಕೆ ಹೋದ ವಾಣಿಜ್ಯ ಹಡಗಿನ ಜಾಡು ಹಿಡಿಯುವ ಬಗೆ

1931ರ ಆಗಸ್ಟ್ 29ರಂದು ಗಾಂಧೀಜಿ ಎರಡನೆಯ ದುಂಡುಮೇಜಿನ ಪರಿಷತ್ತಿಗೆಂದು ಬೊಂಬಾಯಿಯಲ್ಲಿ ಹಡಗು ಹತ್ತಿದರು. ಪಿ ಅಂಡ್ ಒ ಎಂಬ ಬ್ರಿಟಿಷ್ ಹಡಗು ಕಂಪನಿಯ ಆ ಹಡಗಿನ ಹೆಸರು ರಾಜಪುತಾನಾ. ಎರಡನೆಯ ದರ್ಜೆಯ ಪ್ರಯಾಣ, ಡೆಕ್ಕಿನ ಮೇಲೆ ಪ್ರಾರ್ಥನೆ, ಬಿಡುವಿನಲ್ಲಿ ಚರಕ. ಅದೇ ಹಡಗು ಹತ್ತು ವರ್ಷ ತುಂಬುವ ಮೊದಲೇ, 1941ರ ಏಪ್ರಿಲ್ 13ರಂದು, ಬ್ರಿಟಿಷ್ ನೌಕಾಪಡೆಯ ಯುದ್ಧನೌಕೆಯಾಗಿ ಐಸ್‌ಲೆಂಡಿನ ಪಶ್ಚಿಮಕ್ಕೆ ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೊ ತಿಂದು ಮುಳುಗಿತು. ಆಗ ಅದರ ಮೈಮೇಲೆ ಆರು ಅಂಗುಲದ ಎಂಟು ಫಿರಂಗಿಗಳಿದ್ದವು.

ಹೀಗೆ ಸರ್ಕಾರ ಯುದ್ಧಕ್ಕೆಂದು ವಶಪಡಿಸಿಕೊಂಡ ವಾಣಿಜ್ಯ ಹಡಗೊಂದರ ಪೂರ್ತಿ ಚರಿತ್ರೆಯನ್ನು ಮನೆಯಲ್ಲೇ ಕೂತು ಹುಡುಕುವುದು ಹೇಗೆ ಎಂಬುದಕ್ಕೆ ಈ ಮಾರ್ಗದರ್ಶಿ. ನಿಮ್ಮ ಅಜ್ಜ ಖಲಾಸಿಯಾಗಿದ್ದ ಹಡಗಿರಬಹುದು, ಹಳೆಯ ಪೋಸ್ಟ್‌ಕಾರ್ಡಿನಲ್ಲಿ ಕಂಡ ಹಡಗಿರಬಹುದು, ದಾರಿ ಒಂದೇ. ನಾನು ರಾಜಪುತಾನಾವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ.

ಶುರುವಿನಲ್ಲೇ ಒಂದು ಮಾತು. ಇಂಥ ಹಡಗಿಗೆ ಎರಡು ಜನ್ಮ. ಮೊದಲನೆಯದರ ಲೆಕ್ಕ ಬರೆದವರು ಕಂಪನಿ ಮತ್ತು ವ್ಯಾಪಾರ ಇಲಾಖೆಯ ಗುಮಾಸ್ತರು, ಎರಡನೆಯದರ ಲೆಕ್ಕ ಬರೆದವರು ನೌಕಾಪಡೆಯ ಗುಮಾಸ್ತರು. ಇವರ ಕಡತ ಅವರಿಗೆ ಗೊತ್ತಿಲ್ಲ, ಅವರದು ಇವರಿಗೆ ಗೊತ್ತಿಲ್ಲ. ಎರಡೂ ಕಡತಗಳು ಕೂಡುವ ಹೊಲಿಗೆಯಲ್ಲಿಯೇ ನಮ್ಮಂಥವರು ಎಡವಿ ಬೀಳುವುದು.

ಹೆಜ್ಜೆ 1: ಹೆಸರನ್ನು ನಂಬಬೇಡಿ, ನಂಬರು ಹಿಡಿಯಿರಿ

ನಾನು ಮೊದಲ ಸಲ ಹುಡುಕಿದಾಗ ಮೂರು ಸಂಜೆ ಹಾಳು ಮಾಡಿಕೊಂಡೆ. ರಾಜಪುತಾನಾ ಎಂದು ಬರೆದು ಹುಡುಕಿದರೆ ಹಡಗು 1941ರಲ್ಲಿ ಮುಳುಗಿದ್ದೂ ಸಿಗುತ್ತದೆ, ಯುದ್ಧ ಮುಗಿಯುವವರೆಗೆ ಶತ್ರುಗಳು ಸಮುದ್ರದಲ್ಲಿ ಇಟ್ಟ ಸ್ಫೋಟಕಗಳನ್ನು (ಮೈನ್) ಗುಡಿಸಿ ತೆಗೆಯುತ್ತಿದ್ದದ್ದೂ ಸಿಗುತ್ತದೆ. ಸತ್ತ ಹಡಗು ಮತ್ತೆ ಎದ್ದು ಬಂದೀತೇ? ವಿಷಯ ಇಷ್ಟೇ: ರಾಯಲ್ ಇಂಡಿಯನ್ ನೇವಿಗೂ ರಾಜಪುತಾನಾ ಎಂಬ ಹೆಸರಿನ ಪುಟ್ಟ ಮೈನ್‌ಸ್ವೀಪರ್ ಇತ್ತು, ಗುರುತು ಸಂಖ್ಯೆ ಜೆ 197. ಬ್ರಿಟಿಷ್ ನೌಕಾಪಡೆಗೆಂದು ಕಟ್ಟತೊಡಗಿದ ಬ್ಯಾಂಗೊರ್ ವರ್ಗದ ಹಡಗನ್ನು ಭಾರತಕ್ಕೆ ಕೊಟ್ಟಾಗ ಬಂದ ಹೆಸರು ಅದು. ಎರಡಕ್ಕೂ ಸ್ನಾನಸೂತಕದ ಸಂಬಂಧವೂ ಇಲ್ಲ.

ಹಾಗಾಗಿ ಮೊದಲ ಕೆಲಸ ಹಡಗಿನ ಅಧಿಕೃತ ಸಂಖ್ಯೆಯನ್ನು ಪತ್ತೆ ಮಾಡುವುದು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ನೋಂದಣಿಯಾದ ಪ್ರತಿ ವಾಣಿಜ್ಯ ಹಡಗಿಗೂ ಒಂದು ಸಂಖ್ಯೆ ಇರುತ್ತಿತ್ತು. ನಮ್ಮ ಹೊಲದ ಸರ್ವೆ ನಂಬರಿದ್ದ ಹಾಗೆ ಅದು. ಮಾಲೀಕ ಬದಲಾಗಲಿ, ಹೆಸರು ಬದಲಾಗಲಿ, ನಂಬರು ಕದಲುವುದಿಲ್ಲ. ಹಡಗನ್ನು ಕೈಬಿಟ್ಟರೂ ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುತ್ತಿರಲಿಲ್ಲ.

ಹೆಸರಿನ ಮುಂದಿನ ಅಕ್ಷರಗಳನ್ನೂ ಗಮನಿಸಿ. ಎಸ್‌ಎಸ್ ಎಂದರೆ ಉಗಿಹಡಗು. ಆರ್‌ಎಂಎಸ್ ಎಂದರೆ ರಾಯಲ್ ಮೇಲ್, ಅಂದರೆ ಬ್ರಿಟಿಷ್ ಸರ್ಕಾರದ ಟಪಾಲು ಹೊರುವ ಗುತ್ತಿಗೆ ಇರುವ ಹಡಗು. ಎಚ್‌ಎಂಎಸ್ ಎಂದರೆ ನೌಕಾಪಡೆಗೆ ಸೇರ್ಪಡೆಯಾದದ್ದು. ಎಚ್‌ಎಂಐಎಸ್ ಎಂದರೆ ಅಂದಿನ ಭಾರತೀಯ ನೌಕಾಪಡೆಯದು. ಒಂದೇ ಕಬ್ಬಿಣದ ಮೈಗೆ ಬೇರೆ ಬೇರೆ ವರ್ಷದಲ್ಲಿ ಬೇರೆ ಬೇರೆ ಅಕ್ಷರ ಅಂಟಿಕೊಂಡಿರುತ್ತದೆ. ನಿಮ್ಮ ಕೈಯಲ್ಲಿರುವ ಕಾಗದದಲ್ಲಿ ಯಾವುದಿದೆ ಎಂಬುದರಿಂದಲೇ ಅದು ಯಾವ ಜನ್ಮದ ಕಾಗದ ಎಂದು ಅರ್ಧ ಗೊತ್ತಾಗಿಬಿಡುತ್ತದೆ.

ಹೆಜ್ಜೆ 2: ಜನ್ಮಕುಂಡಲಿ ಬರೆದುಕೊಳ್ಳಿ

ಇದಕ್ಕೆ ಲಾಯ್ಡ್ಸ್ ರಿಜಿಸ್ಟರ್ ಇದೆ. ವರ್ಷಕ್ಕೊಮ್ಮೆ ಬರುತ್ತಿದ್ದ ಈ ದಪ್ಪ ಪುಸ್ತಕದಲ್ಲಿ ಹಡಗು ಕಟ್ಟಿದ ಊರು, ಕಟ್ಟಿದವರು, ಉದ್ದಗಲ, ಯಂತ್ರದ ಬಗೆ, ಮಾಲೀಕರು, ನೋಂದಣಿಯಾದ ಬಂದರು ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ. 1930ರಿಂದ 1945ರವರೆಗಿನ ಸಂಪುಟಗಳ ಪುಟಗಳನ್ನು ಪ್ಲಿಮ್‌ಸಾಲ್ ಶಿಪ್ ಡೇಟಾ ಎಂಬ ಹೆಸರಿನಲ್ಲಿ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿದ್ದಾರೆ. ಎರಡನೆಯ ಮಹಾಯುದ್ಧದ ಹಡಗು ಹುಡುಕುವವರಿಗೆ ಇದು ವರ.

ಪುಟ ತೆರೆದಾಗ ಗಾಬರಿಯಾಗಬೇಡಿ. ಇರುವೆ ಸಾಲಿನಂಥ ಅಕ್ಷರ, ಸಂಕ್ಷೇಪಗಳ ರಾಶಿ. ಎಡಗಡೆಯಿಂದ ಶುರುಮಾಡಿ: ಮೊದಲು ಅಧಿಕೃತ ಸಂಖ್ಯೆ, ಆಮೇಲೆ ಹೆಸರು, ಆಮೇಲೆ ಟನ್ ಲೆಕ್ಕ. ಕೆಲವು ಪುಟಗಳಲ್ಲಿ ಮುದ್ರಿತ ಸಾಲಿನ ಮೇಲೆಯೇ ಹಡಗು ಮುಳುಗಿತೆಂದು ಆಮೇಲೆ ಒತ್ತಿದ ಮುದ್ರೆ ಕಾಣುತ್ತದೆ. ಹಾಗೆ ಕಂಡ ಸಾಲಿನ ಮುಂದೆ ಒಂದು ಗಳಿಗೆ ಕೈ ನಿಲ್ಲುತ್ತದೆ.

ಟನ್ನಿನ ವಿಚಾರದಲ್ಲಿ ಬಹಳ ಜನ ಮೋಸಹೋಗುತ್ತಾರೆ. ರಾಜಪುತಾನಾ ಸುಮಾರು 16,600 ಟನ್ನಿನ ಹಡಗು ಎಂದರೆ ಅದರ ತೂಕ ಅಷ್ಟು ಎಂದಲ್ಲ. ವಾಣಿಜ್ಯ ಹಡಗಿನ ಒಟ್ಟು ಟನ್ ಎಂಬುದು ಜಾಗದ ಅಳತೆ. 100 ಘನ ಅಡಿಗೆ ಒಂದು ಟನ್. ಕಣಜಕ್ಕೆ ಎಷ್ಟು ಭತ್ತ ಹಿಡಿಯುತ್ತದೆ ಎಂದು ಹೇಳುತ್ತೇವೆಯೇ ಹೊರತು ಕಣಜದ ತೂಕ ಎಷ್ಟು ಎಂದು ಹೇಳುತ್ತೇವೆಯೇ? ಯುದ್ಧನೌಕೆಯ ಟನ್ ಮಾತ್ರ ನಿಜಕ್ಕೂ ತೂಕ, ಅದು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಈ ಎರಡನ್ನು ಪಕ್ಕಪಕ್ಕ ಇಟ್ಟು, ನಮ್ಮ ಹಡಗು ಆ ಕ್ರೂಸರಿಗಿಂತ (ಕ್ರೂಸರ್ ಎಂದರೆ ವೇಗದ, ಮಧ್ಯಮ ಗಾತ್ರದ ಯುದ್ಧನೌಕೆ) ದೊಡ್ಡದಿತ್ತು ಎಂದು ಬರೆದಿರುವ ಲೇಖನಗಳಿಗೆ ಲೆಕ್ಕವಿಲ್ಲ.

ದಿನಾಂಕಗಳಲ್ಲೂ ಹಾಗೆಯೇ. ನೀರಿಗಿಳಿಸಿದ ದಿನ ಬೇರೆ, ಕಟ್ಟಿ ಮುಗಿಸಿ ಕಂಪನಿಗೆ ಒಪ್ಪಿಸಿದ ದಿನ ಬೇರೆ. ರಾಜಪುತಾನಾ ಸ್ಕಾಟ್ಲೆಂಡಿನ ಗ್ರೀನಕ್‌ನಲ್ಲಿ ಹಾರ್ಲಂಡ್ ಅಂಡ್ ವುಲ್ಫ್ ಕಟ್ಟೆಯಿಂದ 1925ರ ಆಗಸ್ಟ್ 6ರಂದು ನೀರಿಗಿಳಿಯಿತು. ಕೆಲಸ ಮುಗಿದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಎರಡನ್ನೂ ಬೇರೆ ಬೇರೆ ಕಲಮಿನಲ್ಲಿ ಬರೆದುಕೊಳ್ಳಿ.

ಒಡಹುಟ್ಟಿದವರನ್ನೂ ಇಲ್ಲೇ ಗುರುತಿಸಿಕೊಳ್ಳಿ. ರಾಜಪುತಾನಾ, ರಾವಲ್ಪಿಂಡಿ, ರಾಂಚಿ, ರಣಪುರ: ಒಂದೇ ಸಮಯದಲ್ಲಿ ಬೊಂಬಾಯಿ ಟಪಾಲು ಮಾರ್ಗಕ್ಕೆಂದು ಕಟ್ಟಿಸಿದ ನಾಲ್ಕು ಹಡಗುಗಳು. ಮೊದಲಿನೆರಡು ಗ್ರೀನಕ್‌ನಲ್ಲಿ, ಕೊನೆಯೆರಡು ಟೈನ್ ನದಿಯ ದಡದ ಹಾಥಾರ್ನ್ ಲೆಸ್ಲಿ ಕಟ್ಟೆಯಲ್ಲಿ. ನಿಮ್ಮ ಹಡಗಿನ ಬಗ್ಗೆ ಮಾಹಿತಿ ಸಿಗದಿದ್ದರೆ ಅಕ್ಕತಂಗಿಯರ ಬಗ್ಗೆ ಸಿಗುವುದು ಎಷ್ಟೋ ಸಲ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 3: ಶಾಂತಿಕಾಲದ ಓಡಾಟ

ಕಂಪನಿಯ ದಾಖಲೆಗಳಿಂದ ಶುರುಮಾಡಿ. ಪಿ ಅಂಡ್ ಒ ಸಂಸ್ಥೆಯ ಪರಂಪರೆ ವಿಭಾಗ ಒಂದೊಂದು ಹಡಗಿಗೂ ಒಂದೊಂದು ಮಾಹಿತಿ ಹಾಳೆ ಸಿದ್ಧಪಡಿಸಿ ಉಚಿತವಾಗಿ ಇಟ್ಟಿದೆ. ಕಂಪನಿಯ ಹಳೆಯ ಕಡತಗಳು ಲಂಡನ್ನಿನ ಗ್ರೀನಿಚ್‌ನಲ್ಲಿರುವ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿವೆ. ಪ್ರಯಾಣಿಕರ ಪಟ್ಟಿ ಬೇಕಿದ್ದರೆ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿರುವ ವ್ಯಾಪಾರ ಇಲಾಖೆಯ (ಬಿಟಿ) ಸರಣಿಗಳಲ್ಲಿ ಬಿಟಿ 26 ಬಂದವರ ಪಟ್ಟಿ, ಬಿಟಿ 27 ಹೋದವರ ಪಟ್ಟಿ; ಇವೆರಡೂ ಹಣ ಕೊಟ್ಟು ನೋಡುವ ವಂಶಾವಳಿ ತಾಣಗಳಲ್ಲಿ ಸಿಗುತ್ತವೆ.

ಒಂದು ಸೂಕ್ಷ್ಮ. ಬೊಂಬಾಯಿಯಿಂದ ಹೊರಟವರಲ್ಲಿ ಅವಸರದವರು ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿಯೇ ಇಳಿದು ರೈಲು ಹಿಡಿಯುತ್ತಿದ್ದರು. ಗಾಂಧೀಜಿಯೂ ಸೆಪ್ಟೆಂಬರ್ 11ರಂದು ಅಲ್ಲಿಯೇ ಇಳಿದು ಮಾರನೆಯ ದಿನ ಲಂಡನ್ ಸೇರಿದರು. ಅಂಥವರ ಹೆಸರನ್ನು ಹಡಗು ಇಂಗ್ಲೆಂಡ್ ಮುಟ್ಟಿದ ಪಟ್ಟಿಯಲ್ಲಿ ಹುಡುಕಿದರೆ ಸಿಗುವ ಸಾಧ್ಯತೆ ಕಡಿಮೆ. ಹೆಸರಿಲ್ಲವೆಂದ ಮಾತ್ರಕ್ಕೆ ಪ್ರಯಾಣ ಮಾಡಲಿಲ್ಲ ಎಂದು ತೀರ್ಮಾನಿಸಬೇಡಿ.

ಪ್ರಯಾಣಿಕರು ಬರೆದ ಕಾಗದಪತ್ರಗಳೂ ಹಡಗಿನ ದಾಖಲೆಗಳೇ. ಗಾಂಧೀಜಿಯ ಸಮಗ್ರ ಬರಹಗಳಲ್ಲಿ ಆ ಎರಡು ವಾರಗಳ ಪತ್ರಗಳನ್ನು ಓದಿದರೆ ಡೆಕ್ಕು ಕಣ್ಣಿಗೆ ಕಟ್ಟುತ್ತದೆ. ಸಂಪುಟ ಸಂಖ್ಯೆ ಹಿಡಿದು ಹೋಗಬೇಡಿ, ಮುದ್ರಿತ ಆವೃತ್ತಿಗೂ ವಿದ್ಯುನ್ಮಾನ ಆವೃತ್ತಿಗೂ ಅದು ಹೊಂದುವುದಿಲ್ಲ. ದಿನಾಂಕ ಹಿಡಿದು ಹೋಗಿ. ತಂಡದವರು ತಂದ ಪೆಟ್ಟಿಗೆಗಳ ರಾಶಿ ನೋಡಿ ರೇಗಿದ ಗಾಂಧೀಜಿ ಹೆಚ್ಚಾದದ್ದನ್ನೆಲ್ಲ ಏಡನ್ ಬಂದರಿನಿಂದ ಹಿಂದಕ್ಕೆ ಕಳಿಸಿದ ಪ್ರಸಂಗ ನಡೆದದ್ದು ಈ ಪ್ರಯಾಣದಲ್ಲಿಯೇ. ಅಂದಹಾಗೆ ಅವರು ವಾಪಸ್ ಬಂದದ್ದು ರಾಜಪುತಾನಾದಲ್ಲಿ ಅಲ್ಲ. ಪಿಲ್ಸ್ನಾ ಎಂಬ ಇಟಲಿಯ ಹಡಗಿನಲ್ಲಿ, ಡಿಸೆಂಬರ್ 28ಕ್ಕೆ ಬೊಂಬಾಯಿಗೆ. ಅಂತರ್ಜಾಲದಲ್ಲಿ ಎರಡೂ ಹಡಗುಗಳ ಚಿತ್ರಗಳು ಕಲಸುಮೇಲೋಗರವಾಗಿವೆ.

ಪತ್ರಿಕೆಗಳಲ್ಲಿ ಆಸ್ಟ್ರೇಲಿಯಾದ ಟ್ರೋವ್, ಸಿಂಗಪುರದ ನ್ಯೂಸ್‌ಪೇಪರ್‌ಎಸ್‌ಜಿ ಎರಡೂ ಉಚಿತ. ಯುದ್ಧ ಶುರುವಾದ ಮೇಲೆ ಮಾತ್ರ ಹಡಗುಗಳ ಸಂಚಾರದ ಸುದ್ದಿಗೆ ಕತ್ತರಿ ಬಿತ್ತು. 1939ರ ಸೆಪ್ಟೆಂಬರ್ ದಾಟುತ್ತಿದ್ದಂತೆ ಹುಡುಕಾಟ ಬರಿದಾದರೆ ನಿಮ್ಮ ತಪ್ಪೇನೂ ಇಲ್ಲ.

ಹೆಜ್ಜೆ 4: ಹೊಲಿಗೆ

ಈ ಹೆಜ್ಜೆಗೆ ಸಮಯ ಕೊಡಿ. 1939ರ ತುರ್ತು ಅಧಿಕಾರಗಳ ಕಾಯ್ದೆ ಬಂದ ಮೇಲೆ ಬ್ರಿಟಿಷ್ ಸರ್ಕಾರ ತನಗೆ ಬೇಕಾದ ಹಡಗನ್ನು ಕರೆದು ನಿಲ್ಲಿಸಿಕೊಳ್ಳಬಹುದಿತ್ತು. ಆದರೆ ಕರೆಸಿಕೊಂಡ ಹಡಗುಗಳ ಗತಿ ಒಂದೇ ಬಗೆಯದಲ್ಲ. ನಿಮ್ಮ ಹಡಗು ಯಾವ ಗುಂಪಿನದೆಂದು ತಿಳಿಯದೆ ಮುಂದೆ ಹೋದರೆ ಇಲ್ಲದ ಕಡತಕ್ಕಾಗಿ ತಿಂಗಳುಗಟ್ಟಲೆ ಅಲೆಯುತ್ತೀರಿ.

ಒಂದು ಗುಂಪು ಸಶಸ್ತ್ರ ವಾಣಿಜ್ಯ ಕ್ರೂಸರುಗಳದು. ಇವು ನಿಜಕ್ಕೂ ನೌಕಾಪಡೆಗೆ ಸೇರಿದವು: ಎಚ್‌ಎಂಎಸ್ ಎಂಬ ಹೆಸರು, ಬ್ರಿಟಿಷ್ ನೌಕಾಪಡೆಯ ಗುರುತಾದ ವೈಟ್ ಎನ್‌ಸೈನ್ ಎಂಬ ಬಾವುಟ, ನೌಕಾಪಡೆಯ ಕ್ಯಾಪ್ಟನ್. ಅಂಥವು ಐವತ್ತಕ್ಕೂ ಹೆಚ್ಚಿದ್ದವು, ಅವುಗಳಲ್ಲಿ 15 ನಾಶವಾದವು. ಸೈನಿಕರನ್ನು ಸಾಗಿಸಿದ ಹಡಗುಗಳದು ಬೇರೆ ಕಥೆ. ಬಾಡಿಗೆ ಕೊಡುವುದು ಸರ್ಕಾರ, ನಡೆಸುವುದು ಹಳೆಯ ಕಂಪನಿ, ಹಾರುವುದು ವಾಣಿಜ್ಯ ಹಡಗಿನ ಕೆಂಪು ಬಾವುಟವೇ. ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪನಿಯ ರೋಹ್ನಾ ಹಾಗಿತ್ತು. ಅದರ ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತದ ಖಲಾಸಿಗಳು. 1943ರ ನವೆಂಬರ್ 26ರಂದು ಅಲ್ಜೀರಿಯಾದ ಕರಾವಳಿಯಾಚೆ ಜರ್ಮನ್ ವಿಮಾನ ಬಿಟ್ಟ ರೇಡಿಯೊ ನಿಯಂತ್ರಿತ ಬಾಂಬಿಗೆ ಸಿಕ್ಕಿ ಅದು ಮುಳುಗಿದಾಗ ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ರೋಹ್ನಾವನ್ನು ಯುದ್ಧನೌಕೆಗಳ ಪಟ್ಟಿಯಲ್ಲಿ ಹುಡುಕುವುದು ವ್ಯರ್ಥ. ಇನ್ನು ಸರಕು ಹಡಗಿನ ಹಿಂಬದಿಯಲ್ಲಿ ಒಂದು ಫಿರಂಗಿ ಕೂರಿಸಿದ್ದರೆ ಅದು ಆತ್ಮರಕ್ಷಣೆಗೆ ಮಾತ್ರ; ಫಿರಂಗಿ ಕಂಡ ಕೂಡಲೇ ಯುದ್ಧನೌಕೆ ಎಂದು ಬರೆಯಬೇಡಿ.

ಭಾರತದಲ್ಲಿಯೂ ಕರಾವಳಿಯ ಪುಟ್ಟ ಸ್ಟೀಮರುಗಳನ್ನು ಹಿಡಿದು ಕಾವಲು ಹಡಗು ಮಾಡಿದರು. ಪ್ರಭಾವತಿ ಎಂಬುದು ಅವುಗಳಲ್ಲೊಂದು. 1941ರ ಡಿಸೆಂಬರಿನಲ್ಲಿ ಅರಬ್ಬಿ ಸಮುದ್ರದಲ್ಲಿ ಎರಡು ದೋಣಿಗಳನ್ನು ಎಳೆದುಕೊಂಡು ಹೋಗುತ್ತಿದ್ದ ಅದನ್ನು ಬ್ರಿಟಿಷ್ ಕ್ರೂಸರ್ ಗ್ಲ್ಯಾಸ್ಗೊ ರಾತ್ರಿಯ ಕತ್ತಲಲ್ಲಿ ಜಪಾನಿ ಜಲಾಂತರ್ಗಾಮಿ ಎಂದು ಭ್ರಮಿಸಿ ಮುಳುಗಿಸಿಬಿಟ್ಟಿತು. ನಮ್ಮವರದೇ ಗುಂಡಿಗೆ ನಮ್ಮ ಹಡಗು.

ಗುಂಪು ಗೊತ್ತಾದ ಮೇಲೆ ದಿನಾಂಕಗಳಿಗೆ ಬನ್ನಿ. ರಾಜಪುತಾನಾವನ್ನು ವಶಕ್ಕೆ ಪಡೆದದ್ದು 1939ರ ಸೆಪ್ಟೆಂಬರ್ ಎಂದು ಒಂದು ಕಡೆ, ಡಿಸೆಂಬರ್ ಎಂದು ಇನ್ನೊಂದು ಕಡೆ ಕಾಣುತ್ತೀರಿ. ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳುವ ಮೊದಲು ಸರ್ಕಾರಿ ಕಚೇರಿಯಲ್ಲಿ ವರ್ಗಾವಣೆ ಹೇಗೆ ನಡೆಯುತ್ತದೆ ಎಂದು ನೆನೆಯಿರಿ. ಆದೇಶ ಒಂದು ದಿನ, ಚಾರ್ಜ್ ಕೊಟ್ಟದ್ದು ಇನ್ನೊಂದು ದಿನ, ಹೊಸ ಜಾಗದಲ್ಲಿ ಸಹಿ ಹಾಕಿದ್ದು ಮತ್ತೊಂದು ದಿನ. ಹಡಗಿಗೂ ಹಾಗೆಯೇ: ವಶದ ಆದೇಶ, ಹಡಗುಕಟ್ಟೆಗೆ ಬಂದದ್ದು, ಮಾರ್ಪಾಡು ಮುಗಿದದ್ದು, ನೌಕಾಪಡೆಗೆ ವಿಧಿವತ್ತಾಗಿ ಸೇರಿದ್ದು. ರಾಜಪುತಾನಾದ ಮಾರ್ಪಾಡು ನಡೆದದ್ದು ಕೆನಡಾದ ಪಶ್ಚಿಮ ಕರಾವಳಿಯ ಎಸ್ಕ್ವಿಮಾಲ್ಟ್‌ನಲ್ಲಿ. ಅದು ಮುಗಿದದ್ದು ಡಿಸೆಂಬರಿನಲ್ಲಿ. ಎರಡು ತಿಂಗಳುಗಳೂ ಸರಿಯೇ, ಬೇರೆ ಬೇರೆ ಘಟನೆಗಳಿಗೆ. ನಾಲ್ಕು ಸಾಲು ಖಾಲಿ ಬಿಟ್ಟುಕೊಂಡು, ಸಿಕ್ಕ ದಿನಾಂಕವನ್ನು ಅದರದರ ಸಾಲಿನಲ್ಲಿ ತುಂಬಿ.

ಜನರೂ ಬದಲಾಗುತ್ತಾರೆ. ಶಾಂತಿಕಾಲದ ಪಿ ಅಂಡ್ ಒ ಹಡಗಿನಲ್ಲಿ ಡೆಕ್ಕಿನ ಮೇಲೆ ಸಾರಂಗ (ಖಲಾಸಿಗಳ ಮುಖ್ಯಸ್ಥ), ಟಂಡೇಲ (ಅವನ ಕೈಕೆಳಗಿನ ಮೇಸ್ತ್ರಿ), ಖಲಾಸಿಗಳು. ಊಟದ ಮನೆಯಲ್ಲಿ ಗೋವಾದವರು. ಸಶಸ್ತ್ರ ಕ್ರೂಸರ್ ಆದ ಮೇಲೆ ನೌಕಾಪಡೆಯವರು, ಮೀಸಲು ಪಡೆಯವರು, ಜೊತೆಗೆ ಟಿ-124 ಎಂಬ ಕರಾರಿನ ಮೇಲೆ ನೌಕಾಪಡೆಯ ಶಿಸ್ತಿಗೆ ಒಳಪಟ್ಟ ವಾಣಿಜ್ಯ ನಾವಿಕರು. ಅಜ್ಜ ಆ ಹಡಗಿನಲ್ಲಿ ಇದ್ದರು ಎಂದು ಮನೆಯಲ್ಲಿ ಹೇಳುತ್ತಿದ್ದರೆ, ಅವರ ಸಿಡಿಸಿ ಪುಸ್ತಕದಲ್ಲಿ (ನಾವಿಕ ಹಡಗು ಹತ್ತಿ ಇಳಿದ ದಾಖಲೆಯ ಪುಸ್ತಕ) ಇಳಿದ ದಿನಾಂಕ ನೋಡಿ. ಅದು ಈ ಹೊಲಿಗೆಯ ಹಿಂದೆಯೋ ಮುಂದೆಯೋ ಎಂಬುದರಿಂದ ಕಥೆಯೇ ಬದಲಾಗುತ್ತದೆ.

ಹೆಜ್ಜೆ 5: ಚಿತ್ರ ಓದಿ

ರಾಜಪುತಾನಾ ಮತ್ತು ಅದರ ಮೂರು ಅಕ್ಕತಂಗಿ ಹಡಗುಗಳಿಗೂ ಎರಡೆರಡು ಹೊಗೆಕೊಳವೆ. ಹಿಂದಿನದು ಬರೀ ಶೋಭೆಗೆ; ಹೊಗೆಯೇ ಬರುತ್ತಿರಲಿಲ್ಲ. ರಾವಲ್ಪಿಂಡಿಯನ್ನು ಯುದ್ಧಕ್ಕೆ ಸಜ್ಜುಗೊಳಿಸುವಾಗ ಅದನ್ನು ಕಿತ್ತುಹಾಕಿದರು. ಆದ್ದರಿಂದ ರಾವಲ್ಪಿಂಡಿಯ ಚಿತ್ರದಲ್ಲಿ ಒಂದೇ ಕೊಳವೆ ಕಂಡರೆ ಅದು 1939ರದು. ಬೂದು ಬಣ್ಣ, ಮುಂದೆ ಹಿಂದೆ ಫಿರಂಗಿಗಳು, ಬಾವುಟ ಇವನ್ನೂ ನೋಡಿ. ಚಿತ್ರದ ಕೆಳಗೆ ಯಾರೋ ಬರೆದ ಹೆಸರನ್ನು ಕೊನೆಯಲ್ಲಿ ನೋಡಿ.

ಹೆಜ್ಜೆ 6: ಯುದ್ಧದ ದಿನಗಳು

ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಎಡಿಎಂ 53 ಸರಣಿಯಲ್ಲಿ ಯುದ್ಧನೌಕೆಗಳ ಲಾಗ್ ಪುಸ್ತಕಗಳಿವೆ, ಅಂದರೆ ಹಡಗಿನ ದಿನಚರಿಗಳು. ಈ ಕಾಲದ ದೊಡ್ಡ ಹಡಗುಗಳಿಗೆ ತಿಂಗಳಿಗೊಂದು ಕಡತ. ಮುಳುಗಿದ ತಿಂಗಳ ಲಾಗ್ ಸಾಮಾನ್ಯವಾಗಿ ಹಡಗಿನ ಜೊತೆಗೇ ತಳ ಸೇರಿರುತ್ತದೆ. ಅದಕ್ಕೆ ಎಡಿಎಂ 199 ಸರಣಿಯ ವರದಿಗಳನ್ನು ನೋಡಬೇಕು. ಕಂಪನಿಯವರೇ ನಡೆಸಿದ ಸೈನಿಕ ಸಾಗಣೆ ಹಡಗಾಗಿದ್ದರೆ ಬಿಟಿ 389ರ ಸಂಚಾರ ಕಾರ್ಡುಗಳು. ನೋಂದಣಿ ಮುಚ್ಚಿದ ಕಾಗದಗಳು ಬಿಟಿ 110ರಲ್ಲಿ.

ರಾಜಪುತಾನಾ 1940ರಿಂದ ಬರ್ಮುಡಾ ಮತ್ತು ಹ್ಯಾಲಿಫ್ಯಾಕ್ಸ್ ಬೆಂಗಾವಲು ಪಡೆಯಲ್ಲಿತ್ತು. ಕೆನಡಾದ ಹ್ಯಾಲಿಫ್ಯಾಕ್ಸ್‌ನಿಂದ ಬ್ರಿಟನ್ನಿಗೆ ಆಹಾರ, ಎಣ್ಣೆ ಹೊತ್ತು ಸಾಲಾಗಿ ಹೊರಡುವ ಹಡಗುಗಳಿಗೆ ಕಾವಲು. ಆ ಸಾಲುಗಳಿಗೆ ಎಚ್‌ಎಕ್ಸ್ ಎಂಬ ಗುರುತು ಮತ್ತು ಕ್ರಮಸಂಖ್ಯೆ. ಕಾನ್ವಾಯ್‌ವೆಬ್ ಎಂಬ ತಾಣದಲ್ಲಿ ಸಾಲಿನ ಸಂಖ್ಯೆ ಕೊಟ್ಟರೆ ಅದರಲ್ಲಿದ್ದ ಹಡಗುಗಳು, ಕಾವಲಿನವು ಎರಡೂ ಸಿಗುತ್ತವೆ. ರಾಜಪುತಾನಾದ ಕೊನೆಯ ಸಾಲು ಎಚ್‌ಎಕ್ಸ್ 117.

ಈ ಕಾವಲಿನ ಬಲ ಎಷ್ಟಿತ್ತು ಎಂದು ತಿಳಿಯಲು ರಾವಲ್ಪಿಂಡಿಯ ಕಡೆ ನೋಡಬೇಕು. 1939ರ ನವೆಂಬರ್ 23ರ ಸಂಜೆ ಐಸ್‌ಲೆಂಡಿಗೂ ಫ್ಯಾರೊ ದ್ವೀಪಗಳಿಗೂ ನಡುವೆ ಅದು ಜರ್ಮನಿಯ ಷಾರ್ನ್‌ಹಾರ್ಸ್ಟ್ ಮತ್ತು ಗ್ನೈಸೆನೌ ಎಂಬ ಎರಡು ಭಾರೀ ಯುದ್ಧನೌಕೆಗಳಿಗೆ ಎದುರಾಯಿತು. ಅವುಗಳ ಒಂದೊಂದರ ಮೇಲೂ 11 ಅಂಗುಲದ ಒಂಬತ್ತು ಫಿರಂಗಿ, ವೇಗ 30 ನಾಟಿಗೂ (ನಾಟ್ ಎಂದರೆ ಗಂಟೆಗೆ ಒಂದು ಸಾಗರ ಮೈಲಿ) ಮೇಲೆ. ಇದರದು ಆರು ಅಂಗುಲದ ಹಳೆಯ ಫಿರಂಗಿಗಳು, 17 ನಾಟಿನ ವೇಗ, ಉಕ್ಕಿನ ಕವಚ ಇಲ್ಲವೇ ಇಲ್ಲ. ಊಟದ ಹಾಲ್, ನಾಟ್ಯದ ಹಾಲ್‌ಗಳಿಗೆ ಎತ್ತರದ ಗೋಡೆ ಕಟ್ಟಿದ್ದ ಹಡಗು ದೂರದಿಂದಲೇ ಗುರಿಗೆ ಸಿಗುತ್ತಿತ್ತು. 60 ವರ್ಷದ ಕ್ಯಾಪ್ಟನ್ ಎಡ್ವರ್ಡ್ ಕೆನೆಡಿ ನಿವೃತ್ತಿಯಿಂದ ಮರಳಿ ಬಂದವರು. ಶರಣಾಗದೆ ಗುಂಡು ಹಾರಿಸಿದರು. ಸುಮಾರು 40 ನಿಮಿಷದಲ್ಲಿ ಎಲ್ಲ ಮುಗಿಯಿತು. 238 ಜನ ಸತ್ತರು. ಟಪಾಲು ಹಡಗನ್ನು ಇಂಥ ಕೆಲಸಕ್ಕೆ ಕಳಿಸಿದವರ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ, ಬೇರೆ ಹಡಗು ಅವರ ಬಳಿ ಇರಲಿಲ್ಲ ಎಂದು ಗೊತ್ತಿದ್ದರೂ.

ಎದುರು ಪಕ್ಷದ ದಾಖಲೆ ನೋಡುವುದನ್ನು ಮರೆಯಬೇಡಿ. ಯುಬೋಟ್ ಡಾಟ್ ನೆಟ್ ತಾಣದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಹೊಡೆದ ಹಡಗುಗಳ ವಿವರ ಒಂದೊಂದಾಗಿ ಇದೆ. ರಾಜಪುತಾನಾವನ್ನು ಹೊಡೆದದ್ದು ಕ್ಲಾಸ್ ಷೋಲ್ಟ್ಸ್ ನಾಯಕತ್ವದ ಯು-108. ಜರ್ಮನ್ನರು ಸಮುದ್ರದ ನಡುವೆಯೂ ತಮ್ಮ ದೇಶದ ಗಡಿಯಾರವನ್ನೇ ಇಟ್ಟುಕೊಳ್ಳುತ್ತಿದ್ದರು, ಬ್ರಿಟಿಷರದು ಬೇರೆ. ನಡುರಾತ್ರಿಯ ಆಸುಪಾಸಿನ ಘಟನೆಯಾದರೆ ಎರಡು ದಾಖಲೆಗಳಲ್ಲಿ ತಾರೀಖೇ ಬೇರೆಯಾಗಬಹುದು. ಗಂಟೆಯ ಜೊತೆಗೆ ಅದು ಯಾರ ಗಡಿಯಾರ ಎಂದೂ ಬರೆದುಕೊಳ್ಳಿ.

ಹೆಜ್ಜೆ 7: ಸತ್ತವರನ್ನು ಹುಡುಕುವುದು

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ತಾಣದಲ್ಲಿ ಹಡಗಿನ ಹೆಸರು ಹಾಕಿ ಹುಡುಕಬಹುದು. ವಾಣಿಜ್ಯ ಹಡಗುಗಳಲ್ಲಿ ಸತ್ತ ಭಾರತೀಯ ನಾವಿಕರನ್ನು ಮುಂಬೈ ಮತ್ತು ಚಿತ್ತಗಾಂಗ್ ಸ್ಮಾರಕಗಳಲ್ಲಿ ನೆನೆಯಲಾಗಿದೆ. ಎರಡೂ ಕಡೆ ಇರುವುದು ಒಂದೇ ಪಟ್ಟಿ, ಆರು ಸಾವಿರಕ್ಕೂ ಹೆಚ್ಚು ಹೆಸರುಗಳು. ಮುಂಬೈಯದು ಮಸ್ಜಿದ್ ಬಂದರಿನ ನಾವಿಕರ ವಸತಿಗೃಹದಲ್ಲಿದೆ. ಹೆಸರಿನ ಕಾಗುಣಿತವನ್ನು ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾನೆ. ನಾಲ್ಕೈದು ಬಗೆಯಲ್ಲಿ ಬರೆದು ನೋಡಿ, ತಂದೆಯ ಹೆಸರಿನಿಂದಲೂ ಹುಡುಕಿ. ಭಾರತ ಸರ್ಕಾರದ ಹಳೆಯ ಕಡತಗಳಿಗೆ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ತಾಣ ಉಂಟು.

ಹೆಜ್ಜೆ 8: ಒಂದು ಪುಟದ ಚೀಟಿ

ಇಷ್ಟೂ ಆದ ಮೇಲೆ ಎಲ್ಲವನ್ನೂ ಒಂದೇ ಪುಟಕ್ಕೆ ಇಳಿಸಿ. ಅಕ್ಕತಂಗಿಯರ ಗತಿಗೂ ಒಂದೊಂದು ಸಾಲು ಇರಲಿ: ರಾಂಚಿ ಯುದ್ಧ ಮುಗಿಸಿ, ಆಸ್ಟ್ರೇಲಿಯಾಕ್ಕೆ ವಲಸೆಗಾರರನ್ನು ಸಾಗಿಸಿ, 1953ರಲ್ಲಿ ಗುಜರಿ ಸೇರಿತು. ರಣಪುರವನ್ನು ನೌಕಾಪಡೆ ಖರೀದಿಯನ್ನೇ ಮಾಡಿ ದುರಸ್ತಿ ಹಡಗಾಗಿಸಿತು. ಅದು 1961ರವರೆಗೆ ಬಾಳಿತು. ವಶ ಬೇರೆ, ಖರೀದಿ ಬೇರೆ, ಇದನ್ನು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ನನ್ನ ಚೀಟಿಯಲ್ಲಿ ರಾಜಪುತಾನಾದ ಕೊನೆಯ ಸಾಲುಗಳು ಹೀಗಿವೆ: 1941 ಏಪ್ರಿಲ್ 13, ಐಸ್‌ಲೆಂಡಿನ ರೇಕ್ಯಾನೆಸ್‌ನ ಪಶ್ಚಿಮಕ್ಕೆ. ಟಾರ್ಪೆಡೊ ಬಡಿದ ಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ತೇಲಿತ್ತು. ಬದುಕಿದವರು 280ಕ್ಕೂ ಹೆಚ್ಚು, ಸತ್ತವರು ಸುಮಾರು 40. ಸತ್ತವರಲ್ಲಿ ಕಮಾಂಡರ್ ಸಿ. ಟಿ. ಒ. ರಿಚರ್ಡ್‌ಸನ್ ಒಬ್ಬರು. ನೌಕಾಪಡೆಗೆ ಒಪ್ಪಿಸುವ ಮೊದಲು, ಟಪಾಲು ಹೊರುತ್ತಿದ್ದ ರಾಜಪುತಾನಾದ ಕೊನೆಯ ಕ್ಯಾಪ್ಟನ್ ಅವರೇ.